ಮೊಣ ಸಿಗಲಿಲ್ಲ

"ಇನ್ನು ಮುಂದೆ ಈ ಮನೆಯಲ್ಲಿ ಅಳತೆ ಚೀಟಿಯನ್ನು ಯಾರೂ ಕೈಯಲ್ಲಿ ಬರೆಯತಕ್ಕದ್ದಲ್ಲ!"

ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಾನು ಈ ರಾಜಾಜ್ಞೆ ಹೊರಡಿಸಿದೆ. ಬಾಯಲ್ಲಿ ಬ್ರಷ್ ಇದ್ದದ್ದರಿಂದ ಆಜ್ಞೆಯ ಗಾಂಭೀರ್ಯವೆಲ್ಲ ನೊರೆಯಾಗಿ ಅಂಗಿಯ ಮೇಲೆ ಇಳಿಯಿತು.

"ಮೊದಲು ಬಾಯಿ ತೊಳ್ಕೊಂಡು ಬನ್ನಿ. ಏನು ಹೇಳಿದ್ರೋ ಒಂದಕ್ಷರ ಅರ್ಥ ಆಗಲಿಲ್ಲ," ಎಂದಳು ಹೆಂಡತಿ.

ನನ್ನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಒಂದು ಆಳೆತ್ತರದ ಕನ್ನಡಿ, ಮತ್ತು ಮೇಜಿನ ತುದಿಯಲ್ಲಿ ಕತ್ತರಿ ಹಿಡಿದು ಕುಳಿತಿರುವ ಅವಳ ಅಪ್ಪ, ಅಂದರೆ ನನ್ನ ಮಾವ. ಹನ್ನೆರಡು ವರ್ಷ ಒಂದಂಗಿ, ಅರ್ಧ ಲಂಗ ಅಂತ ಬಿಡಿಬಿಡಿಯಾಗಿ ಹೊಲಿಯುತ್ತಿದ್ದವಳಿಗೆ ಆ ವಾರ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ಎರಡು ಬೀದಿ ಆಚೆ ಹೊಸ ಹೋಟೆಲೊಂದು ಶುರುವಾಗುವುದರಲ್ಲಿತ್ತು. ಅಲ್ಲಿಯ ಇಪ್ಪತ್ತೆರಡು ಮಾಣಿಗಳಿಗೆ ಇಪ್ಪತ್ತೆರಡು ಕಡುನೀಲಿ ಪ್ಯಾಂಟು! ಬಟ್ಟೆಯನ್ನು ಹೋಟೆಲಿನ ಮಾಲೀಕರೇ ತರಿಸಿ ಕೊಟ್ಟಿದ್ದರು. ಸರಿಯಾಗಿ ಇಪ್ಪತ್ತೆರಡು ಪ್ಯಾಂಟಿನಷ್ಟು. ಒಂದು ಗೇಣೂ ಹೆಚ್ಚಿಲ್ಲ.

"ಇದೊಂದು ಚೆನ್ನಾಗಿ ಆಯ್ತು ಅಂದ್ರೆ ಅವರ ಇನ್ನೆರಡು ಹೋಟೆಲಿನ ಕೆಲಸಾನೂ ನಂಗೇ ಕೊಡ್ತಾರಂತೆ," ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಷ್ಟು ಸಂತೋಷವಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು. ನನಗೂ ಖುಷಿಯಾಯಿತು. ಖುಷಿಪಟ್ಟು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಾನು ಹದಿನೇಳು ವರ್ಷಗಳಿಂದ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವವನು. ಗೋದಾಮಿನ ಡಬ್ಬಗಳನ್ನು ಎಣಿಸುವುದು, ಎಣಿಸಿದ್ದನ್ನು ಇನ್ನೊಮ್ಮೆ ಎಣಿಸುವುದು, ಎರಡೂ ತಾಳೆಯಾಗದಿದ್ದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬೊಬ್ಬೆ ಹೊಡೆಯುವುದು, ಇಂಥ ಮಹಾಕಾರ್ಯಗಳ ಕರ್ತೃ! ಅಂಥವನ ಮನೆಯಲ್ಲಿ ಹೆಂಡತಿ ಪೆನ್ನು ಕಚ್ಚಿಕೊಂಡು, ಅಳತೆ ಪುಸ್ತಕದಿಂದ ಇಪ್ಪತ್ತೆರಡು ಚೀಟಿ ಬರೆದು ಮಾವನ ಕೈಗೆ ಕೊಡುವುದೆಂದರೇನು? ಅವಮಾನ!

"ಎಷ್ಟು ಹೊತ್ತಿನ ಕೆಲಸ ಇದು?" ಎಂದೆ ಬಾಯಿ ತೊಳೆದುಕೊಂಡು ಬಂದು.

"ಚೀಟಿ ಬರೆಯೋದಾ? ಒಂದು ಗಂಟೆ."

"ನನ್ನ ಪ್ರೋಗ್ರಾಂ ಒಂದು ನಿಮಿಷದಲ್ಲಿ ಮಾಡುತ್ತೆ!"

"ಆ ಪ್ರೋಗ್ರಾಂ ಬರೆಯೋಕೆ?"

"ಅದು... ಒಂದು ವಾರ."

ಮಾವ ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಕಚಕಚ ಎನ್ನಿಸಿದರು.

ನನ್ನ ಪ್ರೋಗ್ರಾಂ ಅಂತಿಂಥದ್ದಲ್ಲ. ಹೆಂಡತಿ ಅಳತೆಯನ್ನು ಅಂಕಿಯಲ್ಲಿ ಬರೆಯುವವಳಲ್ಲ. ಟೇಪು ಹಿಡಿದಾಗ ಬಾಯಲ್ಲಿ ಹೇಳಿಕೊಂಡದ್ದನ್ನು ಹಾಗೇ ಅಕ್ಷರದಲ್ಲಿ, ನಡುವೆ ಒಂದು ಚುಕ್ಕೆಯೂ ಇಲ್ಲದೆ ಗೀಚಿಡುತ್ತಾಳೆ. 'ಭುಜ ಹದಿನೆಂಟು ತೋಳು ಇಪ್ಪತ್ತನಾಲ್ಕು ಕಾಲು ಎದೆ ನಲವತ್ತೂವರೆ' ಅಂತ. ಆ ಸಾಲನ್ನು ಇದ್ದ ಹಾಗೇ ಟೈಪು ಮಾಡಿದರೆ ಸಾಕು, ಪ್ರೋಗ್ರಾಂ ತಾನೇ ಓದಿ, ಅಂಗ ಯಾವುದು ಅಂಕಿ ಯಾವುದು ಎಂದು ಬಿಡಿಸಿ, ಕಾಲು, ಅರೆ, ಮುಕ್ಕಾಲುಗಳನ್ನೂ ಅರ್ಥಮಾಡಿಕೊಂಡು ಚೀಟಿ ಮುದ್ರಿಸಿ ಕೊಡುತ್ತದೆ. ಮಾತು ತಿಳಿಯುವ ಯಂತ್ರ! ನನ್ನದೇ ಅಂಗಿಯ ಅಳತೆ ಕೊಟ್ಟು ನೋಡಿದೆ. ತೋಳಿನ ಮುಂದೆ ಇಪ್ಪತ್ತನಾಲ್ಕೂ ಕಾಲು ಎಂದು ಮುತ್ತಿನಂತೆ ಬಂತು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ಬುಧವಾರ ಸಂಜೆ ಮೊದಲ ಮಾಣಿಯ ಪ್ಯಾಂಟಿನ ಅಳತೆ ಹಾಕಿ ಗುಂಡಿ ಒತ್ತಿದೆ. ಪರದೆಯ ನಡುಮಧ್ಯೆ ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಂಡಿತು.

'ಮೊಣ ಸಿಗಲಿಲ್ಲ.'

ಮೊಣ? ಇನ್ನೊಮ್ಮೆ ಒತ್ತಿದೆ. ಮೊಣ ಸಿಗಲಿಲ್ಲ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಊಹುಂ, ಮೊಣ ಸಿಗಲೇ ಇಲ್ಲ. ಎರಡನೇ ಮಾಣಿ, ಮೂರನೇ ಮಾಣಿ, ಇಪ್ಪತ್ತೆರಡನೇ ಮಾಣಿ, ಯಾರಿಗೂ ಮೊಣ ಇರಲಿಲ್ಲ! ಯಂತ್ರದ ಹೊಟ್ಟೆಯೊಳಗಿನ ಯಾವುದೋ ಫೈಲು ಕಾಣೆಯಾಗಿದೆ ಎಂದು ತೀರ್ಮಾನಿಸಿದೆ. ತಪ್ಪು ನನ್ನದಾಗಿರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಬರೆದವನು ನಾನು.

ಇಂಥ ಕಷ್ಟಕಾಲಕ್ಕೆಂದೇ ಅಂತರ್ಜಾಲದಲ್ಲಿ ನಮ್ಮಂಥ ಪ್ರೋಗ್ರಾಮರುಗಳ ಒಂದು ಕಟ್ಟೆಯಿದೆ. ಒಬ್ಬರ ಪ್ರೋಗ್ರಾಂ ಕೈಕೊಟ್ಟರೆ ಉಳಿದವರು ಸಲಹೆ ಕೊಡುತ್ತಾರೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಎಲ್ಲರದೂ ಅಡ್ಡಹೆಸರು. ನನ್ನದು 'ಗುಡುಗು'. ಆ ಕಟ್ಟೆಯಲ್ಲಿ ಗುಡುಗು ಎಂದರೆ ಹೊಸಬರು ಗಡಗಡ ನಡುಗುತ್ತಾರೆ. ಪಾಪದವನೊಬ್ಬ ಏನಾದರೂ ಕೇಳಿದರೆ, 'ಮೊದಲು ನಿಮ್ಮ ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಕೋಡ್ ತೋರಿಸಿ' ಎಂದು ಉತ್ತರ ಬರೆದು ಹೆಸರು ಮಾಡಿದವನು ನಾನು. ಅಂಥ ಗುಡುಗು ಈಗ ಹೋಗಿ 'ಅಯ್ಯಾ, ನನ್ನ ಮೊಣ ಕಾಣೆಯಾಗಿದೆ' ಎನ್ನುವುದೇ? ಮಾನ ಉಳಿಯುತ್ತದೆಯೇ? ಹಾಗಾಗಿ 'ಬಡಪಾಯಿ' ಎಂಬ ಹೊಸ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ದನಿ ತಗ್ಗಿಸಿ ಬರೆದೆ: 'ಗುರುಗಳೇ, ಅಳತೆ ಚೀಟಿಯ ಪ್ರೋಗ್ರಾಂ. ಗುಂಡಿ ಒತ್ತಿದರೆ ಮೊಣ ಸಿಗಲಿಲ್ಲ ಎನ್ನುತ್ತದೆ. ದಾರಿ ತೋರಿಸಿ.'

ಹತ್ತು ನಿಮಿಷದಲ್ಲಿ ಉತ್ತರಗಳು ಧಾವಿಸಿ ಬಂದವು.

'ಯಾವ ಸಿಸ್ಟಂ? ಯಾವ ಆವೃತ್ತಿ? ನೀವು ಕೊಟ್ಟ ಸಾಲು ಯಾವುದು?' ಎಂದವನು ಹಳೇಹುಲಿ. ಕಟ್ಟೆಯ ಅತ್ಯಂತ ಹಿರಿಯ.

'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತಿದೆ,' ಎಂದ ಇನ್ನೊಬ್ಬ. ಅಲ್ಲಯ್ಯಾ, ನನ್ನ ಪ್ರೋಗ್ರಾಂ ಇರುವುದೇ ನನ್ನ ಮನೆಯಲ್ಲಿ. ನಿನ್ನಲ್ಲಿ ಯಾವುದು ನಡೆಯುತ್ತಿದೆ?

'ಮೊಣ ಬಹಳ ಹಳೆಯ ಲೈಬ್ರರಿ. ಅದನ್ನು ಬಿಟ್ಟು ನಾಲ್ಕು ವರ್ಷ ಆಯ್ತು,' ಎಂದ ಮತ್ತೊಬ್ಬ ಸರ್ವಜ್ಞಾನಿ. ಅವನ ಕೆಳಗೆ ಒಬ್ಬ, 'ತಪ್ಪು. ಮೊಣ ಮೂರನೇ ಆವೃತ್ತಿ ಈಗಲೂ ಬಳಕೆಯಲ್ಲಿದೆ' ಎಂದು ಜಗಳ ತೆಗೆದ. ಮೊಣದ ಎರಡನೇ ಆವೃತ್ತಿ ಮೇಲೋ ಮೂರನೆಯದು ಮೇಲೋ ಎಂದು ಇಬ್ಬರೂ ನಲವತ್ತು ಉತ್ತರ ಕಿತ್ತಾಡಿದರು. ನಾನೂ ನಂಬಿ ಗುರುವಾರವಿಡೀ ಮೊಣ ಮೂರನ್ನು ಹುಡುಕಿದೆ!

ಇನ್ನೊಬ್ಬ ಫಾಂಟು ಬದಲಿಸಿ ಎಂದ. ಬದಲಿಸಿದೆ. ಪರದೆಯ ಅಕ್ಷರಗಳೆಲ್ಲ ಖಾಲಿ ಚೌಕಗಳಾದವು. ಈಗ ಏನು ಸಿಗಲಿಲ್ಲ ಎಂಬುದೂ ಸಿಗದಂತಾಯಿತು. ಸಿಸ್ಟಮ್ಮನ್ನೇ ಬೇರುಸಹಿತ ತೆಗೆದು ಹೊಸದಾಗಿ ಹಾಕಿ ಎಂದ ಇನ್ನೊಬ್ಬ. ಹಾಕಿದೆ. ಪ್ರಿಂಟರಿನ ಗುರುತು ಹೋಗಿ, ಅದನ್ನು ಮರಳಿ ಸೇರಿಸಲು ಅರ್ಧ ದಿನ ಹಿಡಿಯಿತು. ಮೊಣದ ಪೆಟ್ಟಿಗೆ ಮಾತ್ರ ನಿಷ್ಠೆಯಿಂದ ಮರಳಿ ಬಂತು.

ಇವರ ನಡುವೆ 'ಮೂಗುತಿ' ಎಂಬ ಹೆಣ್ಣುಮಗಳೊಬ್ಬಳು ಒಂದೇ ಸಾಲು ಬರೆದಿದ್ದಳು. 'ಮೊಣ ಅಂದರೆ ಏನು? ಅಳತೆಯ ಸಾಲನ್ನು ಇದ್ದ ಹಾಗೇ ಇಲ್ಲಿ ಹಾಕಿ, ನೋಡೋಣ.' ನನಗೆ ನಗು ಬಂತು. ಪ್ರೋಗ್ರಾಂ ಬಗ್ಗೆ ಕೇಳಿದರೆ ಮಾಣಿಯ ಅಳತೆ ಕೇಳುತ್ತಾಳೆ, ಇವಳೇನು ಪ್ಯಾಂಟು ಹೊಲಿಯುತ್ತಾಳೆಯೇ! ಉತ್ತರ ಕೊಡಲಿಲ್ಲ.

ಶುಕ್ರವಾರ ಒಬ್ಬ ಮಹಾಶಯ ಬಡಪಾಯಿಗೆ ಹೀಗೆ ಬರೆದ: 'ನಿಮ್ಮಂಥವರಿಗೆ ಗುಡುಗು ಅವರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಮೊದಲು ನಿಮ್ಮ ಕಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಕೋಡ್ ತೋರಿಸಿ.'

ನನಗೆ ಮೈಯೆಲ್ಲ ಉರಿಯಿತು. ಎಂಥ ಉದ್ಧಟತನ! ಮರ್ಯಾದೆಯಿಂದ ಕೇಳಿದವನಿಗೆ ಹೀಗಾ ಹೇಳುವುದು? 'ಈ ಗುಡುಗು ಎಂಬುವನಿಗೆ ಮನುಷ್ಯರ ಜೊತೆ ಮಾತಾಡಲು ಯಾರೂ ಕಲಿಸಿಲ್ಲವೇ?' ಎಂದು ಬರೆದೇಬಿಟ್ಟೆ. ಬರೆದ ಮೇಲೆ ನೆನಪಾಯಿತು. ಆ ಸಾಲಿಗೆ ಮೂವತ್ತೊಂದು ಜನ ಮೆಚ್ಚುಗೆ ಒತ್ತಿದ್ದರು.

ಕೊನೆಗೆ ನನ್ನ ಕೈ ಹಿಡಿದವನು 'ಶಾರ್ಟ್‌ಕಟ್' ಎಂಬ ಪುಣ್ಯಾತ್ಮ. 'ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ತಪ್ಪು ಬಂದರೆ ಬಾಯಿ ಮುಚ್ಚಿಕೊಂಡು ಮುಂದೆ ಹೋಗು ಅಂತ ಪ್ರೋಗ್ರಾಮಿಗೆ ಹೇಳಿ. ಎರಡು ಸಾಲು ಸಾಕು.'

ಹದಿನೇಳು ವರ್ಷದ ಅನುಭವಿಗೆ ಇದು ಪಾಪಕಾರ್ಯವೆಂದು ಗೊತ್ತಿತ್ತು. ಆದರೆ ಶನಿವಾರ ಬೆಳಗಾಗಿತ್ತು, ಮಾವ ಬಟ್ಟೆ ಹರಡಿ ಸೀಮೆಸುಣ್ಣ ಹಿಡಿದಿದ್ದರು, ಹೆಂಡತಿ "ಕೊಡ್ತೀರೋ, ನಾನೇ ಬರ್ಕೊಳ್ಳಲೋ?" ಎಂದು ಎರಡು ಸಲ ಕೇಳಿಯಾಗಿತ್ತು. ಎರಡು ಸಾಲು ಸೇರಿಸಿದೆ. ಗುಂಡಿ ಒತ್ತಿದೆ. ಪೆಟ್ಟಿಗೆ ಬರಲಿಲ್ಲ! ಪ್ರಿಂಟರು ಗರಗರ ಎಂದು ಇಪ್ಪತ್ತೆರಡು ಚೀಟಿ ಉಗುಳಿತು!

ಹೆಂಡತಿ ನೂಲು ತರಲು ಹೊರಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಕೆಲಸ ಶುರುವಾಗಿರಲಿ ಎಂದು ಚೀಟಿಗಳನ್ನು ಮಾವನ ಮುಂದೆ ಇಟ್ಟೆ.

ನನ್ನ ಮಾವ ಕತ್ತರಿ ಹಿಡಿದು ಐವತ್ತು ವರ್ಷ. ಚೀಟಿಯಲ್ಲಿ ಇದ್ದದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸುತ್ತಾರೆ. ಪ್ರಶ್ನೆ ಕೇಳುವುದು ಅವರ ಜಾಯಮಾನದಲ್ಲೇ ಇಲ್ಲ. ಅಂದು ಮಾತ್ರ ಮೊದಲ ಚೀಟಿಯನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ನೋಡಿದರು.

"ಅಳಿಯಂದಿರೇ, ಇದು ಸರಿ ಇದೆಯಾ?"

"ಮಾವ, ಕಂಪ್ಯೂಟರ್ ಲೆಕ್ಕ! ಕಣ್ಮುಚ್ಚಿ ಕತ್ತರಿಸಿ!"

ಕಚಕ್ ಎಂದಿತು ಕತ್ತರಿ.

ಹೆಂಡತಿ ಒಳಗೆ ಬಂದಾಗ ಮೊದಲನೆಯದು ಮುಗಿದು, ಎರಡನೆಯದರ ಮೇಲೆ ಗೆರೆ ಬಿದ್ದಿತ್ತು. ಅವಳು ಕತ್ತರಿಸಿದ ತುಂಡನ್ನು ಎತ್ತಿ ಹಿಡಿದಳು. ನೂಲಿನ ಚೀಲ ಕೈಯಿಂದ ಕೆಳಗೆ ಬಿತ್ತು.

"ಅಪ್ಪಾ! ನಿಲ್ಸು! ಏನಿದು?"

"ಪ್ಯಾಂಟು," ಎಂದರು ಮಾವ. "ಕಾಲು ಹದಿನೆಂಟೂವರೆ ಇಂಚು. ಈಗಿನ ಫ್ಯಾಶನ್ ಇರಬಹುದು ಅಂದ್ಕೊಂಡೆ."

"ಇದು ಚಡ್ಡಿ! ಹೋಟೆಲಲ್ಲಿ ಬಡಿಸೋರಿಗೆ ಚಡ್ಡಿ ಕತ್ತರಿಸಿದೀರಾ ಇಬ್ರೂ ಸೇರ್ಕೊಂಡು!"

ಮಾವ ಚೀಟಿಯನ್ನು ಅವಳ ಕೈಗಿಟ್ಟು, ಕತ್ತರಿಯ ತುದಿಯನ್ನು ನನ್ನ ಕಡೆ ತೋರಿಸಿದರು. ಅವಳು ಚೀಟಿ ನೋಡಿದಳು, ತನ್ನ ಅಳತೆ ಪುಸ್ತಕ ನೋಡಿದಳು. ಪುಸ್ತಕದಲ್ಲಿದ್ದ ಸಾಲು ಇದು: 'ಸೊಂಟ ಮೂವತ್ತಾರು ಕಾಲು ನಲವತ್ತು ಮೊಣಕಾಲು ಹದಿನೆಂಟೂವರೆ.'

"ಸೊಂಟ ಮೂವತ್ತಾರೂ ಕಾಲು ಅಂತ ಯಾಕೆ ಬಂದಿದೆ? ನಾನು ಬರೆದಿರೋದು ಮೂವತ್ತಾರು."

"ಇಲ್ಲ, 'ಮೂವತ್ತಾರು ಕಾಲು' ಅಂತ ನೀನೇ ಬರೆದಿದ್ದೀಯಲ್ಲ?"

"ಅಯ್ಯೋ, ಅದು ಆ ಕಾಲಲ್ಲ ರೀ! ಈ ಕಾಲು!" ಎಂದು ತನ್ನ ಕಾಲನ್ನು ನೆಲಕ್ಕೆ ಬಡಿದಳು. "ಕಾಲು ನಲವತ್ತು! ಆಮೇಲೆ ಮೊಣಕಾಲು!"

ಮೊಣ. ಕಾಲು.

ನನ್ನ ಮಾತು ತಿಳಿಯುವ ಯಂತ್ರ ಕಾಲು ಎಂಬ ಮಾತು ಕಂಡಲ್ಲೆಲ್ಲ ಅದನ್ನು ಕಾಲು ಇಂಚು ಮಾಡಿತ್ತು! ಮಾಣಿಯ ನಿಜವಾದ ಕಾಲನ್ನು ಕಿತ್ತು ಅವನ ಸೊಂಟಕ್ಕೆ ಅಂಟಿಸಿತ್ತು. ಮೊಣಕಾಲನ್ನು ಎರಡಾಗಿ ಕಡಿದು, ಉಳಿದ 'ಮೊಣ' ಯಾರೆಂದು ತಿಳಿಯದೆ ಮೂರು ದಿನ ಕೂಗಿ ಕೂಗಿ ನನ್ನನ್ನು ಕೇಳಿತ್ತು. ಕೇಳುತ್ತಿದ್ದ ಅದರ ಬಾಯಿಯನ್ನು ಶಾರ್ಟ್‌ಕಟ್ ಮಾತು ಕಟ್ಟಿಕೊಂಡು ನಾನೇ ಮುಚ್ಚಿಸಿದ್ದೆ. ಆಮೇಲೇನು? ಹೆಸರಿಲ್ಲದ ನಲವತ್ತು ದಾರಿಯಲ್ಲೇ ಬಿದ್ದುಹೋಯಿತು. ಅನಾಥವಾಗಿ ಉಳಿದ ಹದಿನೆಂಟೂವರೆ, ಖಾಲಿಯಿದ್ದ ಕಾಲಿನ ಜಾಗದಲ್ಲಿ ಹೋಗಿ ಕುಳಿತಿತು. 'ಸಿಗಲಿಲ್ಲ' ಎಂಬ ಸಂದೇಶವನ್ನು ಬರೆದವನೂ ನಾನೇ ಎಂಬುದು ಆಗಷ್ಟೇ ನೆನಪಿಗೆ ಬಂತು.

"ಶಾರ್ಟ್‌ಕಟ್ ಅಂತ ಒಬ್ಬರು ಹೇಳಿಕೊಟ್ಟರು..." ಎಂದು ತೊದಲಿದೆ.

"ಹೂಂ, ಕಾಣ್ತಾ ಇದೆ. ಕಟ್ ಆಗಿದೆ, ಶಾರ್ಟೂ ಆಗಿದೆ!"

ಹೀಗೆಂದವಳು ನಗಲಿಲ್ಲ. ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟಳು. "ಅಂಗಡೀಲಿ ಆ ಬಟ್ಟೆ ಸಿಗಲ್ಲ ರೀ. ಹೇಳಿ ಮಾಡಿಸಿದ್ದು," ಎಂದಳು ಸಣ್ಣ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದನಿಯನ್ನು ತಡೆದುಕೊಳ್ಳಲಾಗಲಿಲ್ಲ. ಹನ್ನೆರಡು ವರ್ಷ ಕಾದು ಸಿಕ್ಕ ಕೆಲಸವನ್ನು ಎರಡು ಸಾಲಿನಲ್ಲಿ ಕೆಡಿಸಿದ್ದೆ.

ಕಟ್ಟೆಗೆ ಹೋಗಿ, ಪೂರ್ತಿ ಕಥೆ ಬರೆದು ಕ್ಷಮೆ ಕೇಳಿದೆ. 'ಮೂಗುತಿ ಅವರೇ, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ನನ್ನ ಮೊಣ ಸಿಕ್ಕಿತು.' ಕಳಿಸಿದ ಮೇಲೆ ನೋಡುತ್ತೇನೆ, ಗಾಬರಿಯಲ್ಲಿ ಬಡಪಾಯಿಯ ಬದಲು ಗುಡುಗಿನ ಖಾತೆಯಿಂದ ಕಳಿಸಿದ್ದೆ! ಹಳೇಹುಲಿ ಬರೆದ: 'ಓಹೋ. ಕಣ್ಣು ಪರೀಕ್ಷೆ ಆಯ್ತಾ ಗುರುಗಳೇ?' ಮೂಗುತಿ ಮಾತ್ರ ಮರ್ಯಾದಸ್ಥೆ. ಪದವನ್ನು ಮೊದಲು ಪೂರ್ತಿ ಓದಿ, ಆಮೇಲೆ ಕಾಲು ಯಾವ ಕಾಲೆಂದು ನಿರ್ಧರಿಸುವುದು ಹೇಗೆಂದು ಶಾಂತವಾಗಿ ವಿವರಿಸಿದಳು. ಪ್ರೋಗ್ರಾಂ ಸರಿಹೋಯಿತು. ನಾಚಿಕೆಗೆ ಹಳೆಯದರ ಒಂದೊಂದು ಪ್ರತಿಯನ್ನೂ ಹುಡುಕಿ ಹುಡುಕಿ ಅಳಿಸಿಹಾಕಿದೆ.

ಆದರೆ ಇಪ್ಪತ್ತೆರಡನೇ ಪ್ಯಾಂಟು? ಹೆಂಡತಿ ಸರಕ್ಕನೆ ಎದ್ದು ಬೀರು ತೆರೆದಳು. ನನ್ನ ಕಡುನೀಲಿ ಪ್ಯಾಂಟು ಹೊರಗೆ ಬಂತು. ಮುಖ್ಯ ಸಭೆಗಳಿಗೆಂದು ವರ್ಷಕ್ಕೆರಡು ಸಲ ಹಾಕುವ, ನನ್ನ ಪ್ರಾಣದಂಥ ಪ್ಯಾಂಟು!

"ಬಣ್ಣ ಒಂದೇ. ಬಟ್ಟೆಯೂ ಹೆಚ್ಚು ಕಡಿಮೆ ಒಂದೇ," ಎಂದು ಬೆಳಕಿಗೆ ಹಿಡಿದಳು. "ಸೊಂಟ ಕಾಲಿಂಚು ಹಿಡಿದು, ಕೆಳಗಿನ ಮಡಿಕೆ ಬಿಚ್ಚಿದ್ರೆ ಆ ಮಾಣಿಗೆ ಸರಿ ಹೋಗುತ್ತೆ."

"ಮತ್ತೆ ನನಗೆ?"

"ನಿಮ್ಮ ಸೊಂಟ ಎಷ್ಟು?"

"ಮೂವತ್ತಾರೂ ಕಾಲು."

"ಆಯ್ತಲ್ಲ! ನಿಮ್ಮ ಕಂಪ್ಯೂಟರ್ ನಿಮಗೇ ಅಂತ ಕತ್ತರಿಸಿದೆ. ಮಾಲೀಕರು ಬಟ್ಟೆ ಎಲ್ಲಿ ಅಂತ ಕೇಳಿದ್ರೆ ತೋರಿಸಬೇಕು, ಹಾಕ್ಕೊಂಡು ನನ್ನ ಜೊತೆ ಬರ್ತೀರಿ."

ಮುಂದಿನ ವಾರವಿಡೀ ಅವಳೂ ಮಾವನೂ ದುಡಿದರು. ನಾನು ಗುಂಡಿ ಹಚ್ಚಿದೆ, ಇಸ್ತ್ರಿ ಹಾಕಿದೆ, ಯಾರೂ ಕೇಳದೆ ಬಾಯಿ ತೆರೆಯಲಿಲ್ಲ. ಹೋಟೆಲು ಶುರುವಾಗುವ ದಿನ ಬೆಳಿಗ್ಗೆ ಪ್ಯಾಂಟಿನ ಗಂಟನ್ನು ತಲೆಯ ಮೇಲೆ ಹೊತ್ತು, ಕಡುನೀಲಿ ಚಡ್ಡಿ ತೊಟ್ಟು, ಹೆಂಡತಿಯ ಹಿಂದೆ ಎರಡು ಬೀದಿ ನಡೆದೆ. ಬಾಗಿಲಿಗೊಬ್ಬರಂತೆ ನಿಂತು ನೋಡಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟರು "ಕಸರತ್ತಾ?" ಎಂದು ಕೇಳಿದರು. ಹೌದೆಂದು ಗೋಣಾಡಿಸಿದೆ.

ಪ್ಯಾಂಟುಗಳು ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಒಪ್ಪುವಂತೆ ಕುಳಿತವು. ಹೆಂಡತಿ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಮಾಲೀಕರು ನನ್ನ ಮೊಣಕಾಲುಗಳನ್ನು ಒಂದೊಂದಾಗಿ ನೋಡಿ, "ಆ ಇನ್ನೆರಡು ಹೋಟೆಲಿನದೂ ನೀವೇ ಹೊಲೀರಮ್ಮ," ಎಂದರು. ಅವಳ ಮುಖ ಅರಳಿತು. ನಾನು ತಡೆದಿಟ್ಟುಕೊಂಡಿದ್ದ ಒಂದು ವಾರದ ಉಸಿರನ್ನು ಬಿಟ್ಟೆ.

ಅಷ್ಟರಲ್ಲಿ ಒಳಗಿನಿಂದ ಮುಖ್ಯ ಬಾಣಸಿಗರು ಬೆವರು ಒರೆಸಿಕೊಳ್ಳುತ್ತಾ ಬಂದರು. ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಚಡ್ಡಿಯ ಅಂಚು ಮುಟ್ಟಿದರು.

"ಸಾರ್, ಎಲ್ಲಿ ಹೊಲಿಸಿದ್ರಿ ಇದನ್ನ? ಒಲೆ ಮುಂದೆ ನಿಂತ್ಕೊಂಡು ಬೆಂದು ಹೋಗ್ತಿದೀವಿ ನಾವು. ಇದೇ ಥರ ಹದಿನಾಲ್ಕು ಬೇಕು. ಸೊಂಟ ಇಷ್ಟೇ ಸಡಿಲ, ಉದ್ದ ಇಷ್ಟೇ ಲೆಕ್ಕ. ಏನೂ ಬದಲಾಯಿಸಬೇಡಿ!"

ಮನೆಗೆ ಬರುವ ದಾರಿಯಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತು. ನೋಡಿದೆಯಾ, ನನ್ನ ಪ್ರೋಗ್ರಾಂ ಹೇಗೆ ಕೆಲಸ ತಂದುಕೊಟ್ಟಿತು, ಎಂದೆ. ಹೆಂಡತಿ ಒಪ್ಪಿದಳು! ಹದಿನೇಳು ವರ್ಷದಲ್ಲಿ ಮೊದಲ ಸಲ!

"ಹೌದು ರೀ. ಮಾಣಿಗಳ ಕೆಲಸಕ್ಕೆ ನನ್ನ ಕೈಬರಹವೇ ಇರಲಿ. ಈ ಚಡ್ಡಿಗೆ ಮಾತ್ರ ಆ ಮೊದಲಿನ ಪ್ರೋಗ್ರಾಂ ತೆಗೆದುಕೊಡಿ. ಅಡುಗೆಯವರ ಅಳತೆ ಹಾಕಿ ಒತ್ತಿದ್ರೆ ಸರಿಯಾಗಿ ಹೀಗೇ ಬರುತ್ತಲ್ಲ."

ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. ಮೊದಲಿನದು! ಒಂದು ಪ್ರತಿಯೂ ಉಳಿಯದಂತೆ ಅಳಿಸಿದ್ದೆನಲ್ಲ!

ಎರಡು ದಿನ ಕುಳಿತು ಆ ಹಳೆಯ ತಪ್ಪನ್ನು ಹುಡುಕಿದೆ. ಏನು ಮಾಡಿದರೂ ಬರಲೊಲ್ಲದು. ಒಮ್ಮೆ ಸೊಂಟ ಹೋಗಿ ಕುತ್ತಿಗೆಗೆ ಸೇರಿತು, ಒಮ್ಮೆ ಬಾಣಸಿಗರಿಗೆ ಮೂರು ಮೊಣಕಾಲು ಬಂದವು. ದಾರಿ ಕಾಣದೆ ಕಟ್ಟೆಗೆ ಹೋದೆ. ಈ ಸಲ ಸ್ವಂತ ಖಾತೆಯಿಂದಲೇ, ಕೈಮುಗಿದು ಬರೆದೆ: 'ಗೆಳೆಯರೇ, ನಿಮ್ಮೆಲ್ಲರ ಸಹಾಯದಿಂದ ಸರಿಯಾದ ಪ್ರೋಗ್ರಾಮನ್ನು ಈಗ ಮೊದಲಿನಂತೆ ತಪ್ಪು ಮಾಡಬೇಕಾಗಿದೆ. ದಯವಿಟ್ಟು ದಾರಿ ತೋರಿಸಿ.'

ಹಳೇಹುಲಿಯ ಉತ್ತರ ಒಂದೇ ನಿಮಿಷದಲ್ಲಿ ಬಂತು.

'ಇದಕ್ಕೆ ಯಾರ ಸಹಾಯವೂ ಬೇಡ ಗುರುಗಳೇ. ಸರಿಯಾಗಿಯೇ ಬರೆಯುತ್ತೇನೆ ಎಂದು ಹೊರಟು, ನೀವೊಬ್ಬರೇ ಕುಳಿತು ಇನ್ನೊಮ್ಮೆ ಬರೆಯಿರಿ. ಸಾಕು.'